ಸೀಗಿ ಹುಣ್ಣಿವಿಗೆ ಇನ್ನಾ ಟೈಮ್ ಐತ್ರಿ

“ಮೇಡಮ್ಮರ, ಇಪ್ಪತ್ತೈದು ತುಂಬಿದ್ರ ನಮ್ಮಪ್ಪ ನನ್ನ ಕೈ ಬಿಡ್ತಾನಂತ... ಖರೇ ಏನ್ರೀ?”

ಮಲ್ಲಿಕಾ ತಲೆ ಎತ್ತಿದಳು. ನವಲಗುಂದದ ಆ ಪುಟ್ಟ ವಿಮಾ ಕಚೇರಿಯ ಬಾಗಿಲಲ್ಲಿ ಗ್ರೀಸ್ ಮೆತ್ತಿದ ಅಂಗಿಯ ಹುಡುಗ. ಕಣ್ಣ ತುಂಬ ನಗು!

ಅವನು ಸುದೀಪ. ಮೊರಬದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ. ಅಪ್ಪ ಉಡಚಪ್ಪ ಹತ್ತಿ ಗಿರಣಿಯ ನೌಕರ. ಗಿರಣಿಯ ಆರೋಗ್ಯ ವಿಮೆಯಲ್ಲಿ ಮನೆಯವರಿಗೆಲ್ಲ ಆಸ್ಪತ್ರೆಯ ಖರ್ಚು ಸಿಗುತ್ತಿತ್ತು. ಆದರೆ ಮಕ್ಕಳಿಗೆ ಇಪ್ಪತ್ತೈದು ತುಂಬುವವರೆಗೆ ಮಾತ್ರ.

“ನಿಮ್ಮಪ್ಪ ಅಲ್ರೀ, ಪಾಲಿಸಿ ಕೈ ಬಿಡ್ತೈತಿ,” ಎಂದಳು ನಗು ತಡೆಯುತ್ತ. “ಅದು ಮುಗಿಯೂದ್ರಾಗ ನಿಮ್ಮ ಹೆಸರಿಲೆ ಬ್ಯಾರೆ ಮಾಡಿಸ್ಬೇಕು. ಹುಟ್ಟಿದ ತಾರೀಖು?”

“ತಾರೀಖು ಯಾರಿಗೆ ಗೊತ್ರೀ? ನಮ್ಮವ್ವ ಸೀಗಿ ಹುಣ್ಣಿವಿ ಅಂತಾಳ.”

“ಹಂಗಾದ್ರ ಇನ್ನಾ ಟೈಮ್ ಐತಿ ಬಿಡ್ರಿ.”

ಸೀಗಿ ಹುಣ್ಣಿಮೆ ದಸರೆಯಾದ ಮೇಲೆ; ಆಗಿನ್ನೂ ಬೇಸಿಗೆ. ಅವನು ಮತ್ತೆ ಬಂದ. ಮತ್ತೆ ಮತ್ತೆ ಬಂದ! ಒಮ್ಮೆ ಯಾವ ಪಾಲಿಸಿ ಒಳ್ಳೆಯದೆಂದು ಕೇಳಲು, ಇನ್ನೊಮ್ಮೆ ಕೇಳಿದ್ದನ್ನೇ ಕೇಳಲು. ಹೇಳಿ, ಇದಕ್ಕೆ ಏನನ್ನಬೇಕು?

ಒಂದು ಮಾತು ಮಾತ್ರ ಮಲ್ಲಿಕಾಳ ಮನಸ್ಸನ್ನು ಚುಚ್ಚುತ್ತಿತ್ತು. ಈ ಕಡೆಯ ಹಳ್ಳಿಗಳಲ್ಲಿ ಅರ್ಧ ಊರಿನ ಹುಟ್ಟುಹಬ್ಬ ಜೂನ್ ಒಂದಕ್ಕೆ! ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ತಾರೀಖು ಅದು. ಅವಳದೂ ಅದೇ. ವಿಮೆಗೆ ಕಾಗದದ ತಾರೀಖು ಬೇಕು, ಹುಣ್ಣಿಮೆ ಬೇಡ. ‘ಆಧಾರ್ ಕಾರ್ಡ್ ತೋರಿಸ್ರಿ’ ಅನ್ನಬೇಕಿತ್ತು. ಅನ್ನಲಿಲ್ಲ...

‘ಕೆಲಸ ಮುಗದ್ರ ಇವ ಮತ್ತ ಯಾಕ ಬರ್ತಾನ?’

ಶ್ರಾವಣದಲ್ಲಿ ಜಾಕ್ ಜಾರಿ, ಟ್ರ್ಯಾಲಿ ಸುದೀಪನ ಕಾಲ ಮೇಲೆ ಬಿತ್ತು. ಆಪರೇಷನ್ ಆಯಿತು. ವಿಮೆಯ ಹಣ ಬರಲಿಲ್ಲ. ಕಾಗದದ ಪ್ರಕಾರ ಅವನಿಗೆ ಜೂನ್ ಒಂದಕ್ಕೇ ಇಪ್ಪತ್ತೈದು ತುಂಬಿತ್ತು.

ಸುದ್ದಿ ಕೇಳಿದ ಮಲ್ಲಿಕಾ ಕಚೇರಿ ಬಿಟ್ಟು ಎದ್ದಳು. ಆಸ್ಪತ್ರೆಯ ಗೇಟಿನವರೆಗೆ ಹೋಗಿ ತಿರುಗಿ ಬಂದಳು. ಅವನು ಫೋನ್ ಮಾಡಿದರೆ ಎತ್ತಲಿಲ್ಲ. ಯಾವ ಮುಖ ಇಟ್ಟುಕೊಂಡು ಮಾತಾಡುವುದು?

ಕೊನೆಗೆ ಸೀಗಿ ಹುಣ್ಣಿಮೆಯ ಮುಂಜಾನೆ ಮೊರಬದ ಬಸ್ಸು ಹತ್ತಿದಳು.

ಸುದೀಪ ಹೊರಸಿನ ಮೇಲೆ ಕಾಲು ಚಾಚಿ ಕುಳಿತಿದ್ದ. ಅವಳನ್ನು ಕಂಡವನೇ ಮುಖ ತಿರುಗಿಸಿದ. ಅವನ ತಾಯಿ ಬಸವಣ್ಣೆವ್ವ ಚಹಾ ತಂದಳು. ಕರಿ ಚಹಾ.

“ಹಬ್ಬದ ದಿನ ಹಿಂಗ ಕೊಡಬಾರದವ್ವಾ. ಏನ್ ಮಾಡೂದು, ಇವನ ಕಾಲಿನ ಸಲುವಾಗಿ ಎಮ್ಮಿ ಮಾರಿದ್ವಿ,” ಎಂದು ಒಳಗೆ ಹೋದಳು.

ಬಾಗಿಲ ಬಾಜು ಗೂಟ ಖಾಲಿ ಇತ್ತು. ಮಲ್ಲಿಕಾ ಚಹಾದ ಲೋಟ ಕೆಳಗಿಟ್ಟಳು. ‘ಅಯ್ಯೋ ದೇವರೇ... ಇದು ನನ್ನಿಂದ!’

“ಕುಂಟ ಆದೆ ಅಂತ ಬರಲಿಲ್ಲ, ಹೌದಲ್ರೀ?” ಎಂದ ಸುದೀಪ, ಗೋಡೆ ನೋಡುತ್ತ.

“ಅಲ್ರೀ! ಖರೇನ ಅಲ್ಲ!” ಅವಳಿಗೆ ಅಳು ಒತ್ತರಿಸಿ ಬಂತು. “ತಪ್ಪು ನಂದ್ರಿ. ಜೂನ್ ಒಂದು ಇರಬಹುದಂತ ಮನಸ್ಸಿಗೆ ಬಂದಿತ್ತು. ಬೇಕಂತ ಕಾರ್ಡ್ ಕೇಳಲಿಲ್ಲ. ಕೇಳಿದ್ರ ನೀವು ಬರೂದು ನಿಲ್ತಿತ್ತು... ನನ್ನ ಆಸೆಗೆ ನಿಮ್ಮನಿ ಎಮ್ಮಿ ಹೋತ್ರಿ!”

ಸುದೀಪ ಈಗ ಅವಳತ್ತ ತಿರುಗಿದ.

“ಕಾರ್ಡ್ ಆವತ್ತ ನನ್ನ ಕಿಸೇದಾಗ ಇತ್ರಿ,” ಎಂದ.

“ಆಂ?”

“ಜೂನ್ ಒಂದಂತ ನನಗೂ ಗೊತ್ತಿತ್ತು. ತೋರಿಸಿದ್ರ ಮತ್ತ ಯಾವ ನೆವಾ ಮಾಡ್ಕೊಂಡು ಬರ್ಲಿ? ಎಮ್ಮಿ ಹಗ್ಗ ಬಿಚ್ಚುವಾಗ ಅವ್ವ ಅತ್ಲು. ಆವಾಗೂ ನಾ ಬಾಯಿ ಬಿಡಲಿಲ್ಲ...”

ಬಾಗಿಲಲ್ಲಿ ತಟ್ಟೆಯ ಸದ್ದಾಯಿತು. ಬಸವಣ್ಣೆವ್ವ! ಎಲ್ಲ ಕೇಳಿಸಿಕೊಂಡಿದ್ದಳು.

“ಅಂದ್ರ, ನಿಮ್ಮಿಬ್ಬರ ನೆವದಾಗ ನನ್ನ ಎಮ್ಮಿ ಹೋತು!”

ಇಬ್ಬರೂ ತಲೆ ತಗ್ಗಿಸಿದರು. ಮಲ್ಲಿಕಾ ಅವಳ ಕಾಲಿಗೆ ಬಾಗಿದಳು.

“ಕಾಲಿಗೆ ಬಿದ್ರ ಹಾಲು ಬರ್ತೈತೇನ್ ಬೇ? ಏಳು! ಎಮ್ಮಿ ತಂದು ಕಟ್ರಿ. ಇಬ್ಬರೂ ಕೂಡಿ ದುಡದು ತರ್ರಿ. ನೀ ಒಬ್ಬಾಕೀನ ತಂದ್ರ ನಾ ಕಟ್ಟಗೊಡೂದಿಲ್ಲ!”

ತಟ್ಟೆಯಲ್ಲಿದ್ದ ಹೋಳಿಗೆಯನ್ನು ಅವಳ ಕೈಗೆ ತುರುಕಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು.

ಮಲ್ಲಿಕಾ ಮೂಗೊರೆಸಿಕೊಂಡಳು. “ಕಾರ್ಡ್ ಕೊಡ್ರಿ. ಇವತ್ತ ನಿಮ್ಮ ಹೆಸರಿಲೆ ಅರ್ಜಿ ಹಾಕ್ತೇನಿ. ಕಾಲಿನ ಸುದ್ದೀನೂ ಮುಚ್ಚಿಡದ ಹೇಳೂಣು. ಇದರ ಖರ್ಚು ಬರೂದಿಲ್ಲ, ಮುಂದಿಂದಕ್ಕರ ಆಸರ ಇರ್ಲಿ.”

ಸುದೀಪ ಕಿಸೆಯಿಂದ ಕಾರ್ಡ್ ತೆಗೆದ. ಕೊಡದೆ ಹಿಡಿದೇ ಕುಳಿತ.

“ಕೊಟ್ರ ಕೆಲಸ ಮುಗೀತೈತಿ. ಆಮ್ಯಾಲೆ ಏನ್ ನೆವಾ ಮಾಡ್ಲಿ?”

“ನೆವಾ ಸಾಕ್ರಿ... ನಮ್ಮ ಮನೀಗೆ ಬರ್ರಿ. ಅಪ್ಪಗ ಖರೇನ ಹೇಳಿ ಹೆಣ್ಣು ಕೇಳ್ರಿ.”

ಅವನ ಕಣ್ಣಲ್ಲಿ ಆ ಹಳೆಯ ನಗು ಮೂಡಿತು.

“ಕಾಲು ನೆಟ್ಟಗಾಗ್ಲಿ. ಟೈಮ್ ಐತೇನ್ರೀ?”

“ಇಲ್ರಿ,” ಎಂದಳು ಮಲ್ಲಿಕಾ, ಕಾರ್ಡಿನೊಂದಿಗೆ ಅವನ ಬೆರಳನ್ನೂ ಹಿಡಿದು. “ಕುಂಟ್ಕೋತರ ಬರ್ರಿ. ಲಗೂನ ಬರ್ರಿ!”