ಅಳತೆಯ ಜಂಪರು

ಡಿಸೆಂಬರ್ ಮೂವತ್ತು, ಸೋಮವಾರ, ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ. ಆ ದಿನ ತೆಲಂಗಾಣದ ಗಡಿಯೂರು ನಾರಾಯಣಖೇಡದಲ್ಲಿ ಅಪರಾಧ ಮಾಡುವವರೂ ಹೊಲಕ್ಕೆ ಹೋಗಿರುತ್ತಾರೆ ಎಂಬುದು ಇನ್‌ಸ್ಪೆಕ್ಟರ್ ವೈಜಿನಾಥರ ಅನುಭವ. ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಕೂರಿಸಿ ಪೂಜೆ ಮಾಡಿ, ಕಾಳು-ಸೊಪ್ಪಿನ ಭಜ್ಜಿ, ಕಡಬು, ಅಂಬಲಿ ಮುಗಿಸಿ ಗಿಡದ ನೆರಳಿಗೆ ಅಡ್ಡಾದ ಊರಿಗೆ ಸಂಜೆಯವರೆಗೆ ಪೊಲೀಸರ ನೆನಪೇ ಬರುವುದಿಲ್ಲ. ಹೆಡ್ ಕಾನ್‌ಸ್ಟೆಬಲ್ ಮೊಗಲಪ್ಪನ ಹೊಲದಿಂದ ಬಂದ ಬುತ್ತಿ ಬಿಚ್ಚಿ ವೈಜಿನಾಥರು ಕಡಬಿನ ತುದಿ ಮುರಿದಿದ್ದರಷ್ಟೆ. ನಾಲ್ಕೂ ಹತ್ತಕ್ಕೆ ಭುವನೇಶ್ವರಿ ಠಾಣೆಯ ಮೆಟ್ಟಿಲು ಹತ್ತಿದಳು. ಕೊರಳಲ್ಲಿ ಟೇಲರ್ ಟೇಪು, ಕೈಯಲ್ಲಿ ಜಹೀರಾಬಾದಿನಿಂದ ತಂದ ಹುಕ್ಕು-ದಾರದ ಚೀಲ, ಮೊಣಕೈವರೆಗೆ ಮಸಿ.

“ಡಬ್ಬಾ ಸುಟ್ಟಾರ್ರಿ,” ಎಂದಳು. “ಬರಕೊಳ್ರಿ.”

ಬಸ್ ಡಿಪೋದ ಎದುರು ತಗಡಿನ ಡಬ್ಬಾ ಅಂಗಡಿಯಲ್ಲಿ ಹೆಂಗಸರ ರವಿಕೆ, ಇಲ್ಲಿನವರ ಬಾಯಲ್ಲಿ ಜಂಪರು, ಹೊಲಿಯುವ ಭುವನೇಶ್ವರಿಯನ್ನು ಊರಿಗೆಲ್ಲ ಗೊತ್ತು. ಮನೆಯವರು ಇಟ್ಟದ್ದು ಗಂಡಸಿನ ಹೆಸರು. ಇಪ್ಪತ್ತರ ವಯಸ್ಸಿನಲ್ಲಿ ಅದನ್ನು ಬಿಟ್ಟು, ಸೀರೆ ಉಟ್ಟು, ಈ ಹೆಸರು ಇಟ್ಟುಕೊಂಡಳು. ಆಧಾರ್ ಕಾರ್ಡಿಗೂ ಅದನ್ನು ಒಪ್ಪಿಸಲು ಜಿಲ್ಲಾ ಕಚೇರಿಗೆ ಎಷ್ಟು ಸಲ ಅಲೆದಳೆಂಬುದನ್ನು ಅವಳು ಯಾರಿಗೂ ಹೇಳಿಲ್ಲ, ಯಾರೂ ಕೇಳಿಲ್ಲ.

ಅವಳು ಹೇಳುವುದು ಕನ್ನಡದಲ್ಲಿ, ಮೊಗಲಪ್ಪ ಬರೆಯುವುದು ತೆಲುಗಿನಲ್ಲಿ, ಕಂಪ್ಯೂಟರು ಸೆಕ್ಷನ್ ಕೇಳುವುದು ಇಂಗ್ಲಿಷಿನಲ್ಲಿ. ಖೇಡದ ಠಾಣೆಯಲ್ಲಿ ಎಫ್‌ಐಆರ್ ಎಂದರೆ ಒಂದು ಸಣ್ಣ ತ್ರಿಭಾಷಾ ಸಮ್ಮೇಳನ.

“ಯಾರ ಮ್ಯಾಲ ಅನುಮಾನ?” ವೈಜಿನಾಥರು ಕೇಳಿದರು.

“ಯಾರ ಮ್ಯಾಲೂ ಇಲ್ರಿ.”

“ಜನಾಬಾಯಿ?”

“ಆಕಿ ಬಾಯಿ ಮಾಡ್ತಾಳ್ರಿ, ಬೆಂಕಿ ಹಚ್ಚಂಗಿಲ್ಲ.”

ಮೊಗಲಪ್ಪ ಪೆನ್ನು ಎತ್ತಿ ಸಾಹೇಬರ ಮುಖ ನೋಡಿದ. ಆ ಹೆಸರು ಬರುತ್ತದೆಂದು ಅವನು ಆಗಲೇ ಅರ್ಧ ಬರೆದುಬಿಟ್ಟಿದ್ದ.

ಬರೆಯಲು ಕಾರಣವಿತ್ತು. ತಿಂಗಳ ಆರಂಭದಲ್ಲಿ ಜಹೀರಾಬಾದಿನಿಂದ ಬರುವ ಬಸ್ಸಿನಲ್ಲಿ ಕಂಡಕ್ಟರು ಭುವನೇಶ್ವರಿಗೂ ಹೆಂಗಸರಿಗೆ ಕೊಡುವ ಪುಕ್ಕಟೆ ಟಿಕೆಟ್ಟನ್ನೇ ಹರಿದುಕೊಟ್ಟಿದ್ದ. ಸರ್ಕಾರದ ನಿಯಮವೇ ಹಾಗಿದೆ. ಅವಳು ಹೆಂಗಸರ ಸೀಟಿನಲ್ಲಿ ಕೂತಳು. ಪಕ್ಕದಲ್ಲಿದ್ದ ಮಹಿಳಾ ಸಂಘದ ಅಧ್ಯಕ್ಷೆ ಜನಾಬಾಯಿ ಎದ್ದು ನಿಂತಳು. “ಹುಟ್ಟಿದ್ದು ಗಂಡಸಾಗಿ, ಕುಂತಿದ್ದು ಹೆಂಗಸರ ಸೀಟಿನಾಗ! ಈ ಸೀಟು ನಾವು ಜಗಳಾಡಿ ತಗೊಂಡಿದ್ದು. ಸೀರಿ ಉಟ್ಟವರೆಲ್ಲ ಹೆಂಗಸರಾದ್ರ ಹೆಂಗಸರಿಗಿ ಏನು ಉಳೀತದ? ನನ್ನ ಮೈಗಿ ಮೈ ಹತ್ತಿಸಬ್ಯಾಡ.” ಭುವನೇಶ್ವರಿ ಹೇಳಿದ್ದು ಇಷ್ಟು: “ಅಕ್ಕಾ, ಬೇಕಾದ್ರ ಮನಿ ತನಕ ನಿಂತು ಬರ್ತೀನಿ. ನಿನ್ನ ಮಾತಿಗಿ ಉತ್ತರ ಮಾತ್ರ ಕುಂತೇ ಕೊಡ್ತೀನಿ.” ಬಸ್ಸು ಡಿಪೋ ಹೊಕ್ಕರೂ ಇಬ್ಬರೂ ಇಳಿಯಲಿಲ್ಲವಂತೆ.

ಜನಾಬಾಯಿಯ ಮಗ ಆತ್ಮಾರಾಮ ಫ್ಲೆಕ್ಸ್ ಮುದ್ರಿಸುವ ಅಂಗಡಿಯವನು. ಆ ಜಗಳದ ವಿಡಿಯೋದಲ್ಲಿ ತಾಯಿಯ ಪಾಲಿನ ಮಾತನ್ನಷ್ಟೇ ಕತ್ತರಿಸಿ ಮೊಬೈಲಿನಲ್ಲಿ ಹಾಕಿದ. ಹೈದರಾಬಾದಿನವರು ನೋಡಿದರು, ಮುಂಬೈಯವರು ನೋಡಿದರು. ಕೆಲವರು ಜನಾಬಾಯಿಯನ್ನು ಹುಲಿ ಎಂದರು, ಕೆಲವರು ಜೈಲಿಗೆ ಹಾಕಿ ಎಂದರು. ಅವನು ಹುಲಿ ಎಂದವರ ಮಾತು ಹಿಡಿದು ಫ್ಲೆಕ್ಸ್ ಮಾಡಿ ನಾಲ್ಕು ಕಂಬಕ್ಕೆ ಕಟ್ಟಿದ. ಆಮೇಲೆ ಪ್ರತಿ ಸಂತೆಯ ದಿನ ಇಬ್ಬರು ಹೆಂಗಸರೂ ಡಿಪೋದ ಮುಂದೆ ಸಿಕ್ಕು ಜಗಳ ಮುಂದುವರಿಸುತ್ತಿದ್ದರು. ಬಜ್ಜಿಯವನ ವ್ಯಾಪಾರ ಕುದುರಿತ್ತು.

ಮೊಗಲಪ್ಪ ಸೆಕ್ಷನ್‌ಗಳನ್ನು ಓದಿ ಹೇಳಿದ. ಮಾಲು ಇಟ್ಟ ಕಟ್ಟಡಕ್ಕೆ ಬೆಂಕಿ, ನ್ಯಾಯ ಸಂಹಿತೆಯ ಮುನ್ನೂರಾ ಇಪ್ಪತ್ತಾರು ಜಿ: ಹತ್ತು ವರ್ಷ, ಜೀವಾವಧಿಯೂ ಆಗಬಹುದು. ತೃತೀಯ ಲಿಂಗಿಗೆ ಹಾನಿ, ಅವರ ಹಕ್ಕಿನ ಕಾಯ್ದೆಯ ಹದಿನೆಂಟು: ಹೆಚ್ಚೆಂದರೆ ಎರಡು ವರ್ಷ.

“ಅಂದ್ರ ಸಾಹೇಬ್ರ, ನನಗಿಂತ ನನ್ನ ಡಬ್ಬಾ ದೊಡ್ಡದು,” ಎಂದಳು ಭುವನೇಶ್ವರಿ.

ಸಂಸತ್ತಿನ ಪರವಾಗಿ ಉತ್ತರಿಸುವ ಅಧಿಕಾರ ಇನ್‌ಸ್ಪೆಕ್ಟರಿಗಿಲ್ಲ. ವೈಜಿನಾಥರು ಕಡಬಿನ ಡಬ್ಬಿ ಮುಚ್ಚಿ ಟೊಪ್ಪಿಗೆ ಹಾಕಿಕೊಂಡರು.

ಐದು ಗಂಟೆಗೆ ಸ್ಥಳ ಪಂಚನಾಮೆ. ಡಿಪೋದ ಮೆಕ್ಯಾನಿಕ್ ಒಬ್ಬ, ಚಹಾದವನೊಬ್ಬ ಪಂಚರು. ಬೀಗ ಕಲ್ಲಿನಿಂದ ಒಡೆದದ್ದು. ಪೆಟ್ರೋಲಿನ ವಾಸನೆ ಇನ್ನೂ ಇತ್ತು. ಡಿಪೋದ ಕ್ಯಾಮೆರಾ ಬಸ್ಸುಗಳ ಮುಖವನ್ನಷ್ಟೇ ನೋಡುತ್ತಿತ್ತು. ಹೊಲಿಗೆ ಯಂತ್ರ ಕರಿಕಲಾಗಿ ತಲೆ ತಗ್ಗಿಸಿತ್ತು. ಸಂಕ್ರಾಂತಿಗೆಂದು ಊರ ಹೆಂಗಸರು ಕೊಟ್ಟ ಬಟ್ಟೆಯೂ, ಅಳತೆಗೆಂದು ಜೊತೆಗಿಟ್ಟ ಹಳೆಯ ಜಂಪರುಗಳೂ ಬೂದಿಯಾಗಿ, ಅದರಲ್ಲಿ ಹುಕ್ಕುಗಳು ಮಾತ್ರ ಜೋಳದ ಕಾಳಿನಂತೆ ಉಳಿದಿದ್ದವು.

ಮಹಿಳಾ ಕಾನ್‌ಸ್ಟೆಬಲ್ ಜಗದೇವಿ ಬಾಗಿಲ ಪಕ್ಕದ ತಂತಿ ತೋರಿಸಿದಳು. “ಸರ್, ಇಲ್ಲಿ ನೋಡ್ರಿ. ಎಲ್ಲಾ ಹ್ಯಾಂಗರಿಗೂ ಬಟ್ಟಿ ಕರಗಿ ಅಂಟ್ಕೊಂಡದ. ಇದೊಂದಕ್ಕ ಏನೂ ಇಲ್ಲ.”

ಹೌದು. ಮಸಿ ಹಿಡಿದಿತ್ತು, ಆದರೆ ಅದರ ಮೇಲೆ ಏನೂ ಸುಟ್ಟಿರಲಿಲ್ಲ.

“ಇದರ ಮ್ಯಾಲ ಏನಿತ್ತು?” ವೈಜಿನಾಥರು ಕೇಳಿದರು.

“ಒಂದು ಅಳತಿ ಜಂಪರು.”

“ಯಾರದು?”

ಭುವನೇಶ್ವರಿ ಕೊರಳ ಟೇಪನ್ನು ಸರಿಮಾಡಿಕೊಂಡಳು. “ಹೇಳಾಕ ಬರಂಗಿಲ್ರಿ. ಯಾರಿಗೂ ಹೇಳಂಗಿಲ್ಲಂತ ಮಾತು ಕೊಟ್ಟೀನಿ.”

“ನಿನ್ನ ಡಬ್ಬಾನೇ ಸುಟ್ಟಾದ. ಕೇಳ್ಲಿಕತ್ತವರು ಪೊಲೀಸರು.”

“ಡಬ್ಬಾ ಸುಟ್ಟಾದ್ರಿ, ಮಾತು ಸುಟ್ಟಿಲ್ಲ. ಹೆಂಗಸರ ಅಳತಿ ಪೊಲೀಸರಿಗಿ ಹೇಳೋ ಟೇಲರಂತ ಹೆಸರಾತಂದ್ರ ನಾಳಿ ಹೊಸ ಡಬ್ಬಾ ಹಾಕಿದ್ರೂ ಯಾರು ಬರ್ತಾರ?”

ಠಾಣೆಗೆ ಮರಳುವಷ್ಟರಲ್ಲಿ ಡಿಎಸ್ಪಿ ಸಾಹೇಬರ ಫೋನು. ಮಾತೆಲ್ಲ ತೆಲುಗಿನಲ್ಲಿ. ಟಿವಿಯವರು ಕೇಳುತ್ತಿದ್ದಾರೆ, ಆ ವಿಡಿಯೋದ ಹೆಂಗಸನ್ನು ದ್ವೇಷ ಭಾಷಣಕ್ಕೆ ಮೊದಲ ಆರೋಪಿ ಮಾಡಿ ನಾಳೆ ಸಂಜೆಯೊಳಗೆ ಹಾಜರುಪಡಿಸಿದರೆ ಕೇಸು ಚೊಕ್ಕ.

“ಸರ್, ಸೆಕ್ಷನ್ ನೂರಾ ತೊಂಬತ್ತಾರು ಓದಿದೆ. ಧರ್ಮ, ಜಾತಿ, ಭಾಷೆ, ಊರು ಎಲ್ಲಾ ಇದೆ. ಬಸ್ಸಿನ ಸೀಟು ಇಲ್ಲ.”

“ಇತರೆ ಯಾವುದೇ ಕಾರಣ ಅಂತ ಇದೆಯಲ್ಲಯ್ಯ?”

“ಇದೆ ಸರ್. ಆ ಬಾಗಿಲು ತೆರೆದರೆ ಇಡೀ ಸಂತೆಯನ್ನೇ ಲಾಕಪ್ಪಿಗೆ ತರಬೇಕಾಗುತ್ತದೆ.”

“ಹದಿನೆಂಟರಲ್ಲಿ ಮಾತಿನ ಹಿಂಸೆಯೂ ಬರುತ್ತದೆ.”

“ಬರುತ್ತದೆ ಸರ್. ಆದರೆ ಭುವನೇಶ್ವರಿ ನೊಂದೆ ಅನ್ನುತ್ತಿಲ್ಲ, ಉತ್ತರ ಕೊಡುತ್ತೇನೆ ಅನ್ನುತ್ತಿದ್ದಾಳೆ. ಮಾತಿಗೆ ವಾಸನೆ ಇರುವುದಿಲ್ಲ ಸರ್, ಅಲ್ಲಿ ಪೆಟ್ರೋಲಿನ ವಾಸನೆ ಇತ್ತು.”

“ನಾಳೆ ಸಂಜೆ. ಒಂದು ಹೆಸರು ಬೇಕು,” ಎಂದು ಫೋನು ಕಟ್ಟಾಯಿತು. ಹೆಸರು ಸಿಗದಿದ್ದರೆ ಜನಾಬಾಯಿ ತನ್ನ ಬಾಯಿಗಾಗಿ ಒಳಗೆ ಹೋಗುತ್ತಾಳೆ, ಬೆಂಕಿ ಹಚ್ಚಿದವನು ಸಂಕ್ರಾಂತಿ ಮಾಡುತ್ತಾನೆ.

ಹೆಂಗಸರನ್ನು ವಿಚಾರಣೆಗೆ ಠಾಣೆಗೆ ಕರೆಸುವಂತಿಲ್ಲ. ಮರುದಿನ ಬೆಳಿಗ್ಗೆ ಜಗದೇವಿಯನ್ನು ಕರೆದುಕೊಂಡು ವೈಜಿನಾಥರೇ ಜನಾಬಾಯಿಯ ಮನೆಗೆ ಹೋದರು. ಅವಳು ಅಂಗಳದಲ್ಲಿ ಮೊರ ಹಿಡಿದು ತೊಗರಿ ಕೇರುತ್ತಿದ್ದಳು. ಏಳಲಿಲ್ಲ.

“ಅಂದೀನಿ. ಇನ್ನೂ ಅಂತೀನಿ. ಹಿಡಕೊಂಡು ಹೋಗಾಕ ಬಂದಿದ್ರ ಹೇಳ್ರಿ, ಸೀರಿ ಬದಲಾಸ್ತೀನಿ.”

“ಕೇಳಾಕ ಬಂದೀನಿ. ನಿನ್ನೆ ಎಲ್ಲಿದ್ದಿರಿ?”

“ಹೊಲದಾಗ. ಮತ್ತೆಲ್ಲಿ?”

“ಜೊತೆಗಿ?”

“ಮನಿಮಂದಿ ಎಲ್ಲಾರೂ.”

“ನಡುವ ಯಾರೂ ಊರಿಗಿ ಬರ್ಲಿಲ್ಲ?”

ಮೊರ ನಿಂತಿತು. “ಸುಣ್ಣ ಮರತಿದ್ವಿ. ಆತ್ಮಾರಾಮ ಗಾಡಿ ತಗೊಂಡು ತರಾಕ ಹೋಗಿದ್ದ.”

“ತಂದನೇನು?”

“ಇಲ್ಲ. ಈ ವರ್ಷ ಪಾಂಡವರು ಸುಣ್ಣ ಇಲ್ಲದೇ ಕುಂತ್ರು.”

“ಈಗೆಲ್ಲಿ ಅದಾನ?”

“ನಸುಕಿನ ಬಸ್ಸಿಗಿ ತಾಂಡೂರಿಗಿ ಹೋಗ್ಯಾನ, ಅವನ ಅಕ್ಕನ ಮನಿಗಿ.”

ಮುಂದಿನ ಪ್ರಶ್ನೆ ಗಂಡಸು ಕೇಳುವಂಥದ್ದಲ್ಲ. ಜಗದೇವಿ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತಳು. “ಯವ್ವಾ, ನಿಮ್ಮ ಜಂಪರು ತೋಳಿನಾಗ ಭಾಳ ಬರಾಬರ್ ಕುಂತದ. ಯಾರು ಹೊಲೀತಾರ?”

ನಾಲ್ಕು ಕಂಬದ ಮೇಲೆ ಹುಲಿಯಾಗಿದ್ದ ಜನಾಬಾಯಿ ಮೊರ ಕೆಳಗಿಟ್ಟಳು. ಎದ್ದು ಒಳಗೆ ಹೋದಳು. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದಾಯಿತು. ಬಂದು ಹೆಗಲಿಗೆ ತೇಪೆ ಹಾಕಿದ ಹಸಿರು ಜಂಪರನ್ನು ಜಗದೇವಿಯ ಮುಂದಿಟ್ಟಳು.

“ಆಕಿನೇ ಹೊಲೀತಾಳ. ಖೇಡದಾಗ ತೋಳು ಬಿಗಿಯದಂಗ ಹೊಲಿಯೋರು ಇನ್ಯಾರದಾರ? ಮಂದಿಗಿ ಗೊತ್ತಾಗಬಾರದಂತ ಮಾತು ತಗೊಂಡು, ಹೋದ ವಾರ ನಾನೇ ಇದನ್ನ ಕೊಟ್ಟು ಬಂದಿದ್ದೆ. ನಿನ್ನೆ ಹೊಲದಿಂದ ಬಂದು ಪೆಟಗಿ ತೆಗದ್ರ ಮ್ಯಾಲೇ ಅದ. ಮೂಸಿ ನೋಡು.”

ಪೆಟ್ರೋಲು.

“ಇದೊಂದನ್ನೇ ಯಾಕ ಉಳಿಸ್ಯಾನ?” ವೈಜಿನಾಥರು ಕೇಳಿದರು.

“ನೀವು ಹೆಣ ಹೂಳೋ ಮಂದಿ, ನಿಮಗ ತಿಳಿಯಂಗಿಲ್ರಿ. ನಮ್ಮಲ್ಲಿ ಸತ್ತವರ ಬಟ್ಟಿ ಅವರ ಜೋಡಿ ಸುಡ್ತಾರ. ಇದ್ದವರ ಬಟ್ಟಿಗಿ ಬೆಂಕಿ ತೋರಸಂಗಿಲ್ಲ. ಅವ್ವನ ಜಂಪರು ಸುಡಾಕ ಅವನ ಕೈ ಬಂದಿಲ್ಲ.” ಅವಳು ಮೊರದ ತೊಗರಿಯನ್ನು ನೋಡುತ್ತ ಕೂತಳು. “ಉಳಿದವು ಯಾರವು? ಆ ಹೆಣ್ಮಕ್ಕಳೇನು ಸತ್ತಿದ್ರಾ?”

“ನಿಮ್ಮ ಮಗ, ಬಾಯಿ. ಹೇಳಿಕೆ ಬರಕೊಳ್ಳಲಾ?” ವೈಜಿನಾಥರ ದನಿ ತಾನಾಗಿ ತಗ್ಗಿತ್ತು.

“ಬರಕೊಳ್ರಿ. ಜಗಳ ನಂದು. ಬೆಂಕಿ ತಾ ಅಂತ ಯಾರಿಗೂ ಹೇಳಿಲ್ಲ ನಾ. ಮುಚ್ಚಿಟ್ಟೆ ಅಂದ್ರ ನಾಳಿ ನಾ ಬಾಯಿ ತೆರೆದಾಗೆಲ್ಲ ಮಂದಿ ಏನಂತಾರ? ಜನಾಬಾಯಿ ಮಾತಿನಾಗ ಸೋತ್ರ ಮಗ ಪೆಟ್ರೋಲ್ ತರ್ತಾನ ಅಂತಾರ. ನಾ ಸೋತಿಲ್ಲ.” ಕಣ್ಣು ತುಂಬಿದ್ದವು. ಅವಳು ಆ ತಪ್ಪನ್ನು ತೊಗರಿಯ ಹೊಟ್ಟಿನ ಮೇಲೆ ಹಾಕಿ ಸೆರಗಿನಿಂದ ಒರೆಸಿಕೊಂಡಳು.

ಜಂಪರನ್ನು ಪಂಚರ ಮುಂದೆ ಜಪ್ತಿ ಮಾಡಿ, ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಹಾಕಲಾಯಿತು.

ತಾಂಡೂರಿನಲ್ಲಿ ಆತ್ಮಾರಾಮನ ಭಾವನದು ಕಲ್ಲಿನ ಪಾಲಿಶ್ ಕಾರ್ಖಾನೆ. ಮಧ್ಯಾಹ್ನ ಜೀಪು ಹೊಕ್ಕಾಗ ಅವನು ಬಂಡೆಗಳ ನಡುವೆ ಬೂದು ಹುಡಿ ಮೆತ್ತಿಕೊಂಡು ನಿಂತಿದ್ದ. ಓಡಲಿಲ್ಲ.

“ಸುಣ್ಣ ಎಲ್ಲಿ ಇಟ್ಟಿ?” ವೈಜಿನಾಥರು ಕೇಳಿದರು.

“ಮರತ್ನಿ ಸಾಬ್.”

“ಜಂಪರು ಮರೀಲಿಲ್ಲ.”

ಅವನು ಅಲ್ಲೇ ಒಂದು ಬಂಡೆಯ ಮೇಲೆ ಕೂತುಬಿಟ್ಟ. “ಅವ್ವನ ಫೋಟೋದ ಫ್ಲೆಕ್ಸ್ ಆ ಡಬ್ಬಾಕ್ಕ ಬಡ್ಯಾಕ ಹೋಗಿದ್ದೆ. ಊರಾಗ ಯಾರೂ ಇದ್ದಿಲ್ಲ. ತಗಡಿನ ಸಂದಿಯಾಗ ನೋಡಿದ್ರ ಅವ್ವನ ಜಂಪರು ತೂಗ್ಲಿಕತ್ತಿತ್ತು.”

“ಸುಡಬೇಕಂತಲೇ ಹೋಗಿದ್ದೇನು?”

“ಇಲ್ರಿ. ತಗೊಂಡು ಬರಬೇಕಂತ ಬೀಗ ಒಡದೆ. ಕೈಯಾಗ ಹಿಡಕೊಂಡ ಮ್ಯಾಲ, ಅದು ಅಲ್ಲಿ ಇತ್ತಂಬೋ ಗುರುತೇ ಉಳೀಬಾರದು ಅನಸ್ತು. ಫ್ಲೆಕ್ಸ್‌ನಾಗ ನಮ್ಮವ್ವ ಹುಲಿ. ಆಕಿ ಹೋಗಿ ಅಲ್ಲಿ ಜಂಪರು ಕೊಟ್ರ ನಾ ಮಂದಿಗಿ ಏನು ಮುಖ ತೋರಸ್ಲಿ?”

“ಅದನ್ನೂ ಅಲ್ಲೇ ಸುಟ್ಟಿದ್ರ ನಾವು ನಿನ್ನ ತನಕ ಬರ್ತಿದ್ದಿಲ್ಲ.”

ಆತ್ಮಾರಾಮ ತಲೆ ಎತ್ತಿದ. ಆ ಮಾತೇ ಅವನಿಗೆ ಅರ್ಥವಾದಂತಿರಲಿಲ್ಲ.

“ಅವ್ವ ಅದಾಳಲ್ರಿ,” ಎಂದ.

ಪೊಲೀಸರ ಮುಂದೆ ಹೇಳಿದ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದರೆ ಅವನೇ ತೋರಿಸಿದ ಜಾಗದಲ್ಲಿ, ಫ್ಲೆಕ್ಸ್ ಅಂಗಡಿಯ ಹಿಂದೆ, ಗಾಡಿಯಿಂದ ಪೆಟ್ರೋಲ್ ಇಳಿಸಿದ ಬಾಟಲಿ ಸಿಕ್ಕಿತು. ಅದಕ್ಕೂ ಮೊಹರು ಬಿತ್ತು. ಸಂಜೆ ಆರಕ್ಕೆ ಬಂಧನ ದಾಖಲಾಯಿತು. ಕಾರಣಗಳನ್ನು ಬರೆದು ಅವನ ಕೈಗೆ ಕೊಟ್ಟರು. ರಕ್ತಸಂಬಂಧಿಗೆ ತಿಳಿಸಿದ ಬಗ್ಗೆ ಸಹಿ ಬೇಕಿತ್ತು. ಜನಾಬಾಯಿ ತಾನೇ ಬಂದು ಮಾಡಿದಳು. ಲಾಕಪ್ಪಿನ ಕಡೆ ನೋಡಿ, ಹೋಗಿ ವರಾಂಡದ ಬೆಂಚಿನ ಮೇಲೆ ಕೂತಳು.

ಭುವನೇಶ್ವರಿಯೂ ಹೆಚ್ಚಿನ ಹೇಳಿಕೆಗೆ ಬಂದಿದ್ದಳು. ಮೊಗಲಪ್ಪ ಕೇಳಿದ: “ಜನಾಬಾಯಿಯ ಮಾತಿಗೂ ಕೇಸ್ ಬೇಕೇನು? ಮ್ಯಾಲಿನವರು ಕೇಳ್ಲಿಕತ್ತಾರ.”

“ಬ್ಯಾಡ್ರಿ. ಆಕಿ ಬಾಯಿ ನೀವು ಮುಚ್ಚಿಸಿದ್ರ ನಾ ಯಾರಿಗಿ ಉತ್ತರ ಕೊಡ್ಲಿ? ನಂದಿನ್ನೂ ಭಾಳ ಉಳದದ.”

“ಸೀಟಿನ ಮಾತು ನಂದೂ ಮುಗದಿಲ್ಲ, ಟೇಲರ್,” ಬೆಂಚಿನಿಂದ ಜನಾಬಾಯಿ ಹೇಳಿದಳು. ದನಿ ಒಡೆದಿತ್ತು, ಸೋತಿರಲಿಲ್ಲ. “ಸಂಘದಿಂದ ಒಂದು ಹೊಲಿಗಿ ಮಿಷನ್ ಎತ್ತಿ ತಂದೀನಿ, ಹೊರಗ ಆಟೋದಾಗ ಅದ. ಜಗಳ ಬ್ಯಾರೆ, ಅದು ಬ್ಯಾರೆ.”

“ಸಂಕ್ರಾಂತಿಗಿ ಜಂಪರು ಬೇಕೇನು?”

“ಬೇಕಲ್ಲ ಮತ್ತ.”

“ಅಳತಿ ಕೊಡು.”

“ಅದು ಸಾಹೇಬರ ಗಂಟಿನಾಗ ಅದ.”

ಕೋರ್ಟು ಬಿಡುವವರೆಗೆ ಆ ಜಂಪರು ಸರ್ಕಾರದ ವಶ. ವೈಜಿನಾಥರು ಅದನ್ನೇ ವಿವರಿಸಲು ಹೊರಟರು. ಅಷ್ಟರಲ್ಲಿ ಭುವನೇಶ್ವರಿ ವರಾಂಡಕ್ಕೆ ಹೋಗಿ ಕೊರಳಿನಿಂದ ಟೇಪು ತೆಗೆದಿದ್ದಳು. ಜನಾಬಾಯಿ ಆ ಟೇಪನ್ನೂ ಅದನ್ನು ಹಿಡಿದ ಕೈಯನ್ನೂ ನೋಡಿದಳು. ಜಗದೇವಿ ಗಂಡಸರ ಮುಖಕ್ಕೆ ಬಾಗಿಲು ಎಳೆದಳು.

ವೈಜಿನಾಥರು ಕೇಸ್ ಡೈರಿ ತೆರೆದರು. ಅಪರಾಧದ ಉದ್ದೇಶ ಎಂಬಲ್ಲಿ ಬರೆದರು: ಆರೋಪಿ ತನ್ನ ತಾಯಿಯ ಮಾತನ್ನು ತಾಯಿಗಿಂತ ಹೆಚ್ಚಾಗಿ ನಂಬಿದ್ದನು.

ಬಾಗಿಲ ಆಚೆಯಿಂದ ದನಿ ಕೇಳಿತು. “ತೋಳು ಎತ್ತಕ್ಕಾ.”

“ಎತ್ತೀನಿ. ಅದರಿಂದ ಸೀಟು ಬಿಟ್ಟುಕೊಟ್ಟೆ ಅಂತ ತಿಳೀಬ್ಯಾಡ.”

“ಕೇಳ್ದವರ್ಯಾರು? ಅಲ್ಲಾಡಬ್ಯಾಡ, ಅಳತಿ ತಪ್ತದ.”