ಒತ್ತೆಗೆ ನಾನೇ

"ಅಮ್ಮಾ, ಇವನು ಇಲ್ಲಿಂದ ಎದ್ದು ಬರೋ ಹಾಗೆ ಕಾಣಲ್ಲ," ಎಂದಳು ಗಿಣಿ.

ಬುಗುರಿ ಪ್ಲಾಸ್ಟಿಕ್ ಚೆಂಡುಗಳ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತಿದ್ದ. ಅವನಿಗೆ ಎರಡು ವರ್ಷ. ಒಂದು ಕಡೆ ನಿಲ್ಲುವ ಪೈಕಿ ಅಲ್ಲ, ಅದಕ್ಕೇ ಮನೆಯಲ್ಲಿ ಅವನು ಬುಗುರಿ. ಅಕ್ಕನ ಬಾಯಿಗೆ ಬೀಗವಿಲ್ಲ, ಅದಕ್ಕೇ ಅವಳು ಗಿಣಿ.

ಆ ಡೇ ಕೇರ್ ಗಿಣಿಗೂ ಬಹಳ ಹಿಡಿಸಿತ್ತು. ಗೋಡೆ ತುಂಬ ಚಿತ್ರ, ನೆಲಕ್ಕೆ ದಪ್ಪ ಚಾಪೆ, ಗಿಡ್ಡ ಗಿಡ್ಡ ಕುರ್ಚಿ. ಬಾತ್‌ರೂಮಿನ ನಲ್ಲಿ ಕೂಡ ಗಿಡ್ಡ. ಸೋಮವಾರದಿಂದ ಅಮ್ಮ ಸಿಟಿ ಬಸ್ ಓಡಿಸುವ ಕೆಲಸಕ್ಕೆ ಸೇರಬೇಕಿತ್ತು. ಅಪ್ಪ ಅಂಗಡಿಗಳ ಬೋರ್ಡ್ ಬರೆಯುವ ಪೇಂಟರ್, ಬೆಳಿಗ್ಗೆ ಏಣಿ ಹತ್ತಿದರೆ ಇಳಿಯುವುದು ಸಂಜೆಗೇ. ಗಿಣಿಗೆ ಸ್ಕೂಲು. ಬುಗುರಿಯನ್ನು ನೋಡಿಕೊಳ್ಳಲು ಯಾರಾದರೂ ಬೇಕೇ ಬೇಕಿತ್ತು.

ಮೇಜಿನ ಹತ್ತಿರ ಡೇ ಕೇರ್ ಆಂಟಿ ಅಮ್ಮನಿಗೆ ಎಲ್ಲವನ್ನೂ ವಿವರಿಸುತ್ತಿದ್ದರು. ಊಟ ಎಷ್ಟು ಹೊತ್ತಿಗೆ, ನಿದ್ದೆ ಎಷ್ಟು ಹೊತ್ತಿಗೆ, ಜ್ವರ ಬಂದರೆ ಏನು. ಅಮ್ಮ ಖುಷಿಯಿಂದ ತಲೆಯಾಡಿಸುತ್ತಿದ್ದಳು.

"ಮೊದಲನೇ ತಿಂಗಳ ಫೀಸು, ಜೊತೆಗೆ ಎರಡು ತಿಂಗಳ ಅಡ್ವಾನ್ಸ್," ಎಂದರು ಆಂಟಿ. "ಶನಿವಾರದೊಳಗೆ ಕಟ್ಟಿಬಿಡಿ. ಒಂದೇ ಸೀಟು ಇರೋದು."

ಅಮ್ಮನ ತಲೆ ಅಲ್ಲಾಡುವುದು ನಿಂತಿತು. "ಮನೇಲಿ ವಿಚಾರ ಮಾಡಿ ಹೇಳ್ತೀನಿ," ಎಂದು ಎದ್ದವಳೇ ತೊಟ್ಟಿಯಿಂದ ಬುಗುರಿಯನ್ನು ಎತ್ತಿಕೊಂಡಳು. ಅವನು ಬೀದಿ ಕೊನೆಯವರೆಗೂ ಅತ್ತ.

ಸಂಜೆ ಅಪ್ಪ ಬೆರಳಿಗೆ ಅಂಟಿದ್ದ ಹಳದಿ ಬಣ್ಣವನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿಕೊಳ್ಳುತ್ತ ಎಲ್ಲವನ್ನೂ ಕೇಳಿದ.

"ಫೀಸು ಹೇಗೋ ಹೊಂದಿಸಬಹುದು ಕಣೆ. ಅಡ್ವಾನ್ಸ್ ಕಷ್ಟ. ನಿನ್ನ ಸಂಬಳ ಬಂದಮೇಲೆ ಕೊಡಬಹುದು."

"ಸಂಬಳ ಬರಬೇಕಾದ್ರೆ ನಾನು ಕೆಲಸಕ್ಕೆ ಹೋಗಬೇಕಲ್ರೀ. ಹೋಗಬೇಕಾದ್ರೆ ಇವನನ್ನ ಅಲ್ಲಿ ಬಿಡಬೇಕು. ಬಿಡಬೇಕಾದ್ರೆ ಅಡ್ವಾನ್ಸ್."

"ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ," ಎಂದು ಅಪ್ಪ ನಿಟ್ಟುಸಿರು ಬಿಟ್ಟ.

"ಯಾರಿಗಪ್ಪಾ ಹುಚ್ಚು?"

"ನಮಗೇ ಮಗಳೇ."

"ಆ ಆಂಟಿ ಹತ್ರ ಸ್ವಲ್ಪ ಟೈಮ್ ಕೇಳಬಹುದಲ್ಲ ಅಮ್ಮ?"

"ಏನಂತ ಕೇಳಲಿ? ಹೊಸಬರ ಮುಂದೆ ಮೊದಲನೇ ದಿನವೇ ಹಲ್ಲು ಗಿಂಜಲಾ? ನೀನು ಸುಮ್ನಿರು. ಇದು ದೊಡ್ಡವರ ವಿಷಯ." ಅಮ್ಮ ಗೋಡೆಗೆ ನೇತುಹಾಕಿದ್ದ ಹೊಸ ಯೂನಿಫಾರ್ಮನ್ನು ತೆಗೆದು, ಮಡಿಸಿ, ಕಪಾಟಿನೊಳಗೆ ಇಟ್ಟುಬಿಟ್ಟಳು.

ಆ ಯೂನಿಫಾರ್ಮ್ ಬಂದ ದಿನ ಅಮ್ಮ ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ಮೂರು ಸುತ್ತು ಸುತ್ತಿದ್ದಳು. ಅಡುಗೆಮನೆಯ ತಟ್ಟೆಯನ್ನೇ ಸ್ಟಿಯರಿಂಗ್ ಮಾಡಿಕೊಂಡು ಮನೆ ತುಂಬ ಬಸ್ ಓಡಿಸಿದ್ದಳು. ಬುಗುರಿ ಕಂಡಕ್ಟರ್ ಆಗಿದ್ದ. ಈಗ ಅದೆಲ್ಲ ಕಪಾಟಿನೊಳಗೆ ಹೋಯಿತು.

ಮರುದಿನ ಸ್ಕೂಲ್ ಬಿಟ್ಟಮೇಲೆ ಗಿಣಿ ಬಾಡಿಗೆ ಸೈಕಲ್ ಅಂಗಡಿಯ ಮುಂದೆ ಹಾದು ಬರುತ್ತಿದ್ದಳು. ಸೈಕಲ್ ಮಾಮ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದರು. ಅವರ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಕೈಯಲ್ಲಿ ಕಾಸಿಲ್ಲದ ಮಕ್ಕಳು ಏನಾದರೂ ಒತ್ತೆ ಇಟ್ಟು ಸೈಕಲ್ ಒಯ್ಯಬಹುದು. ದುಡ್ಡು ತಂದಾಗ ವಸ್ತು ವಾಪಸ್. ಹಲಗೆಯ ಮೇಲೆ ಒಂದು ವಾಚು, ಒಂದು ಜಾಮೆಟ್ರಿ ಬಾಕ್ಸ್, ಎಡಗಾಲಿನ ಒಂದು ಶೂ ಇದ್ದವು.

"ಇನ್ನೊಂದು ಶೂ ಎಲ್ಲಿ ಮಾಮ?"

"ಅದನ್ನ ಹಾಕ್ಕೊಂಡೇ ಸೈಕಲ್ ಹೊಡೀತಿದ್ದಾನೆ, ಪುಣ್ಯಾತ್ಮ."

ಗಿಣಿ ನಕ್ಕಳು. ನಗು ಅರ್ಧದಲ್ಲೇ ನಿಂತಿತು. ದುಡ್ಡಿಲ್ಲದಿದ್ದರೆ ಒತ್ತೆ ಇಡಬಹುದು. ಇಷ್ಟು ಸುಲಭದ ವಿಷಯ ಅಪ್ಪ ಅಮ್ಮನಿಗೆ ಯಾಕೆ ಹೊಳೆಯಲಿಲ್ಲ?

ಆದರೆ ಇಡುವುದು ಏನನ್ನು? ಟಿವಿ ಕೆಟ್ಟು ಕೂತಿದೆ. ಅಪ್ಪನ ಏಣಿ ಇಟ್ಟರೆ ಅಪ್ಪನ ಕೆಲಸ ನಿಲ್ಲುತ್ತದೆ. "ನಮ್ಮ ಆಸ್ತಿ ಅಂದ್ರೆ ನೀವಿಬ್ಬರೇ" ಎಂದು ಅಮ್ಮ ಯಾವಾಗಲೂ ಹೇಳುತ್ತಿದ್ದಳು. ಒಂದು ಆಸ್ತಿ ಹೇಗೂ ಡೇ ಕೇರಿನ ಒಳಗೇ ಇರುತ್ತದೆ. ಉಳಿದದ್ದು ಇನ್ನೊಂದು.

ಗಿಣಿ ಸೀದಾ ಡೇ ಕೇರಿಗೆ ಹೋಗಿ, ಬಾಗಿಲ ಬಳಿಯ ಬೆಂಚಿನ ಮೇಲೆ ಬ್ಯಾಗ್ ಸಮೇತ ಕೂತಳು.

ಆಂಟಿ ಸೊಂಟದ ಮೇಲೆ ಒಂದು ಮಗು, ಕೈಯಲ್ಲಿ ಇನ್ನೊಂದರ ಚಡ್ಡಿ ಹಿಡಿದುಕೊಂಡು ಬಂದರು. "ಏನಮ್ಮ, ಒಬ್ಬಳೇ ಬಂದಿದ್ದೀಯ?"

"ಒತ್ತೆಗೆ ಬಂದಿದ್ದೀನಿ ಆಂಟಿ."

"ಏನಕ್ಕೆ?"

"ಅಡ್ವಾನ್ಸ್ ಬದಲು. ದಿನಾ ಸ್ಕೂಲ್ ಬಿಟ್ಟಮೇಲೆ ಬಂದು ಇಲ್ಲೇ ಕೂತಿರ್ತೀನಿ, ರಜೆ ದಿನ ಪೂರ್ತಿ. ಅಮ್ಮನ ಸಂಬಳ ಬಂದ ತಕ್ಷಣ ಬಿಡಿಸ್ಕೊಂಡು ಹೋಗ್ತಾರೆ. ನಾನು ಊಟ ಜಾಸ್ತಿ ಮಾಡಲ್ಲ. ಮಾತು ಸ್ವಲ್ಪ ಜಾಸ್ತಿ."

ಆಂಟಿ ಮಗುವನ್ನು ಕೆಳಗಿಳಿಸಿ ಅವಳ ಪಕ್ಕದಲ್ಲೇ ಧೊಪ್ಪೆಂದು ಕೂತರು. "ಅಯ್ಯೋ ದೇವರೇ, ದುಡ್ಡಿನ ವಿಷಯನಾ? ನಿಮ್ಮಮ್ಮನಿಗೆ ನಮ್ಮ ಜಾಗ ಹಿಡಿಸಲಿಲ್ಲ ಅಂದ್ಕೊಂಡಿದ್ದೆ. ಮುಖ ಗಂಟು ಹಾಕ್ಕೊಂಡು ಹೋದ್ರಲ್ಲ. ನಿನ್ನೆಯಿಂದ ಬಾತ್‌ರೂಮ್ ತೊಳೆಸಿದ್ದೇ ತೊಳೆಸಿದ್ದು."

"ಬಾತ್‌ರೂಮ್ ಚೆನ್ನಾಗೇ ಇತ್ತು ಆಂಟಿ."

"ನೋಡು ಮರಿ, ಕೆಲವರು ಹೇಳದೆ ಕೇಳದೆ ಮಕ್ಕಳನ್ನ ಬಿಡಿಸಿಬಿಡ್ತಾರೆ. ನಾನು ಇಲ್ಲಿನ ಟೀಚರಿಗೆ ಸಂಬಳ ಕೊಡಬೇಡ್ವಾ? ಅದಕ್ಕೆ ಅಡ್ವಾನ್ಸ್ ಇಟ್ಟಿರೋದು. ಆದರೆ ಬಾಯಿಬಿಟ್ಟು ಕೇಳಿದವರಿಗೆ ಇಲ್ಲ ಅಂದಿಲ್ಲ. ಮಗು ಅತ್ತರೆ ತಾನೇ ತಾಯಿ ಹಾಲು ಕೊಡೋದು?"

"ಹಾಗಾದ್ರೆ ಆಯ್ತಾ?"

"ನೀನು ಕೇಳಿದ್ರೆ ಆಗಲ್ಲ. ಮನುಷ್ಯರನ್ನ ಒತ್ತೆ ಇಟ್ಕೊಳ್ಳೋ ಅಂಗಡಿ ಅಲ್ಲ ಇದು. ನಿಮ್ಮಮ್ಮನೇ ಬರಲಿ. ನಾನಾಗೇ ಬಂದು ಹೇಳಿದ್ರೆ ಅವರಿಗೆ ಇನ್ನೂ ನೋವಾಗುತ್ತೆ."

"ನಮ್ಮಮ್ಮ ಕೇಳಲ್ಲ. ಅವರಿಗೆ ಕೊಟ್ಟು ಗೊತ್ತು, ಕೇಳಿ ಗೊತ್ತಿಲ್ಲ."

ಅದು ನಿಜವೇ. ಪಕ್ಕದ ಮನೆಯವರಿಗೆ ಸಕ್ಕರೆ ಬೇಕಾದರೆ, ಎದುರು ಮನೆಯವರಿಗೆ ಕೊಡೆ ಬೇಕಾದರೆ ಎಲ್ಲರೂ ಬರುವುದು ಅಮ್ಮನ ಹತ್ತಿರ. ಅಮ್ಮ ಮಾತ್ರ ಸಕ್ಕರೆ ಮುಗಿದ ದಿನ "ಇವತ್ತು ಸಪ್ಪೆ ಹಾಲೇ ಕುಡೀರಿ" ಎನ್ನುತ್ತಿದ್ದಳು.

ಗಿಣಿ ಮನೆಗೆ ಹೋಗಿ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು. ಅಮ್ಮನ ಮುಖ ಕೆಂಪಾಯಿತು.

"ಮನೆ ಮಾತನ್ನ ಬೀದಿಗೆ ತಂದ್ಯಲ್ಲೇ. ನನ್ನ ಮಾನ ಏನಾಗಬೇಕು?"

ಗಿಣಿಯ ಕಣ್ಣು ತುಂಬಿತು. ಅಷ್ಟರಲ್ಲಿ ಬಾಗಿಲ ಹತ್ತಿರ ಬೂಟು ಬಿಚ್ಚುತ್ತಿದ್ದ ಅಪ್ಪ ಗೊಳ್ಳೆಂದು ನಕ್ಕ.

"ಒತ್ತೆಗೆ ಹೋಗಿದ್ಲಂತೆ ಕಣೆ. ಇವಳನ್ನ ಇಟ್ಕೊಂಡ್ರೆ ನಾಲ್ಕೇ ದಿನಕ್ಕೆ ಅವರೇ ದುಡ್ಡು ಕೊಟ್ಟು ವಾಪಸ್ ಕಳಿಸ್ತಿದ್ರು."

"ಸುಮ್ನಿರಿ, ನಿಮಗೆಲ್ಲ ತಮಾಷೆ," ಎಂದಳು ಅಮ್ಮ. ಆದರೆ ಅವಳ ತುಟಿಯೂ ಅದುರಿತು. ತಡೆದುಕೊಳ್ಳಲು ಆಗಲಿಲ್ಲ, ಅವಳೂ ನಕ್ಕಳು. ಏನೂ ಅರ್ಥವಾಗದ ಬುಗುರಿ ಎಲ್ಲರಿಗಿಂತ ಜೋರಾಗಿ ನಕ್ಕ. ನಕ್ಕು ನಕ್ಕು ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒರೆಸಿದಷ್ಟೂ ಕಣ್ಣು ಒದ್ದೆಯಾಗುತ್ತಲೇ ಇತ್ತು. ಗಿಣಿಯನ್ನು ಎಳೆದು ಪಕ್ಕಕ್ಕೆ ಒತ್ತಿಕೊಂಡಳು.

"ನಾಳೆ ಹೋಗಿ ಬರ್ತೀನಿ. ನೀನೂ ಜೊತೆಗೆ ಬಾ. ಆದರೆ ಬಾಯಿ ಬಿಡಬಾರದು."

ಮರುದಿನ ಬುಗುರಿ ಮತ್ತೆ ಚೆಂಡುಗಳ ತೊಟ್ಟಿಗೆ ಇಳಿದ. ಆಂಟಿಯ ಮೇಜಿನ ಮುಂದೆ ಅಮ್ಮ ಕುರ್ಚಿಯ ಅಂಚಿನಲ್ಲಿ ಕೂತಳು. ಬಿಸಿಲಿನ ಬಗ್ಗೆ ಮಾತಾಡಿದಳು. ಗೋಡೆಯ ಬಣ್ಣ ಚೆನ್ನಾಗಿದೆ ಎಂದಳು. ಆಂಟಿ "ಹೌದು, ಹೌದು" ಎನ್ನುತ್ತ ಕಾದರು. ಗಿಣಿಯ ನಾಲಿಗೆ ತುದಿಗೆ ಮಾತು ಬಂದು ಬಂದು ಹೋಗುತ್ತಿತ್ತು.

ಮೇಜಿನ ಕೆಳಗೆ ಅಮ್ಮ ಗಿಣಿಯ ಕೈ ಹಿಡಿದುಕೊಂಡಳು. ಅಂಗೈ ಬೆವರಿ ಒದ್ದೆಯಾಗಿತ್ತು. ಡಿಪೋದಲ್ಲಿ ಟೆಸ್ಟ್ ಕೊಡುವಾಗ ಅಷ್ಟು ದೊಡ್ಡ ಬಸ್ಸನ್ನು ಎರಡು ಕಂಬಗಳ ಮಧ್ಯೆ ರಿವರ್ಸ್ ತಂದು ನಿಲ್ಲಿಸಿದ ಕೈ ಅದು. ಗಿಣಿ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಒಂದು ತಿಂಗಳ ಫೀಸು ತಂದಿದ್ದೀನಿ," ಎಂದಳು ಅಮ್ಮ. "ಅಡ್ವಾನ್ಸ್... ಅಡ್ವಾನ್ಸ್ ಈಗ ಆಗಲ್ಲ. ಸಂಬಳ ಬಂದಮೇಲೆ ಸ್ವಲ್ಪ ಸ್ವಲ್ಪ ಕೊಡ್ತೀನಿ. ಆಗುತ್ತಾ?"

"ಧಾರಾಳವಾಗಿ," ಎಂದರು ಆಂಟಿ. "ಒಂದೇ ಸಲ ಬೇಡ, ನಾಲ್ಕು ಸಂಬಳದಲ್ಲಿ ಕೊಡಿ. ಸದ್ಯ, ನಮ್ಮ ಜಾಗ ನಿಮಗೆ ಹಿಡಿಸಿತಲ್ಲ."

ಅಷ್ಟೇ. ಹೊರಗೆ ಬಂದಮೇಲೆ ಅಮ್ಮ ಬುಗುರಿಯನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, ಬಾಯಲ್ಲಿ ಹಾರ್ನ್ ಹೊಡೆಯುತ್ತ ಮನೆಯವರೆಗೂ ಬಸ್ ಓಡಿಸಿದಳು. ದಾರಿಯಲ್ಲಿ ಜನ ನೋಡಿದರೂ ನಿಲ್ಲಿಸಲಿಲ್ಲ.

ಸೋಮವಾರ ಬೆಳಿಗ್ಗೆ ಅಮ್ಮ ಯೂನಿಫಾರ್ಮಿನಲ್ಲಿ ಥಳಥಳ ಹೊಳೆಯುತ್ತಿದ್ದಳು. ಬುಗುರಿ ಅತ್ತರೆ ಏನು ಮಾಡುವುದು ಎಂಬುದೇ ದಾರಿಯುದ್ದಕ್ಕೂ ಮಾತು. ಆದರೆ ಡೇ ಕೇರಿನ ಗೇಟು ತೆಗೆದದ್ದೇ ತಡ, ಅವನು ಕೈ ಬಿಡಿಸಿಕೊಂಡು ಮಕ್ಕಳ ಗುಂಪಿನೊಳಗೆ ನುಗ್ಗಿಬಿಟ್ಟ.

"ಕಳ್ಳ. ಟಾಟಾ ಕೂಡ ಮಾಡಲಿಲ್ಲ ನೋಡು," ಎಂದು ಅಮ್ಮ ನಕ್ಕಳು.

"ಅಳಲಿಲ್ಲವಲ್ಲ, ಒಳ್ಳೇದಾಯ್ತು ಬಿಡಮ್ಮ."

"ಹೂಂ, ಒಳ್ಳೇದೇ ಆಯ್ತು." ಆದರೂ ಅಮ್ಮ ಗೇಟಿನ ಸರಳು ಹಿಡಿದುಕೊಂಡು ನಿಂತೇ ಇದ್ದಳು. ಗಿಣಿಯೇ ಎಳೆದುಕೊಂಡು ಬರಬೇಕಾಯಿತು.

ಗಿಣಿಯ ಸ್ಕೂಲು ಪಕ್ಕದ ರಸ್ತೆಯಲ್ಲೇ. ಗೆಳತಿಯರು ಕಂಡ ಕೂಡಲೇ ಎಂದಿನಂತೆ ಅವಳೂ ಒಳಗೆ ಓಡಿದಳು. ಅರ್ಧ ಅಂಗಳ ದಾಟಿದವಳು ತಟ್ಟನೆ ನಿಂತಳು. ತಿರುಗಿ ನೋಡಿದಳು.

ಅಮ್ಮ ಇನ್ನೂ ಗೇಟಿನ ಹತ್ತಿರವೇ ಇದ್ದಳು, ಹೋಗಿರಲಿಲ್ಲ. ಇಷ್ಟು ವರ್ಷವೂ ಅಮ್ಮ ಹೀಗೇ ನಿಂತಿರುತ್ತಿದ್ದಳೇನೋ. ಗಿಣಿ ಕೈ ಮೇಲೆತ್ತಿ ಜೋರಾಗಿ ಬೀಸಿದಳು. ಅಮ್ಮನ ಮುಖ ಅರಳಿತು. ಬೆಲ್ ಹೊಡೆಯಿತು, ಗೆಳತಿಯರು ಕರೆದರು. ಅಮ್ಮ ಡಿಪೋದ ಕಡೆ ತಿರುಗುವವರೆಗೂ ಗಿಣಿ ಕೈ ಇಳಿಸಲಿಲ್ಲ.