ಸಾಲು ಕದಲದ ಹಾಳೆಗಳು

ಆಪ್ತಸಮಾಲೋಚಕಿ ಗ್ರಂಥಾಲಯಕ್ಕೆ ನುಗ್ಗಿದಾಗ ದೊಡ್ಡಮ್ಮ ಹರಿದ ಪುಸ್ತಕಕ್ಕೆ ಗೋಂದು ಹಚ್ಚುತ್ತಿದ್ದರು. ಕಾಲೇಜಿನಲ್ಲಿ ಏನೇ ಕಳೆದರೂ ಎಲ್ಲರೂ ಓಡಿಬರುತ್ತಿದ್ದುದು ಈ ಗ್ರಂಥಪಾಲಕಿಯ ಬಳಿಗೇ.

"ದೊಡ್ಡಮ್ಮ, ಒಂದು ಹಾಳೆ ಕಾಣ್ತಿಲ್ಲ. ಹಾಳೆ ಹಾಳಾಗಿ ಹೋಗ್ಲಿ, ಆ ಮಗುಗೆ ಏನಾದ್ರೂ ಆದ್ರೆ?"

ನಿನ್ನೆ ಅವಳು ಒಂದು ತರಗತಿಯ ವಿದ್ಯಾರ್ಥಿಗಳ ಸಮೀಕ್ಷೆ ಮಾಡಿದ್ದಳು. ಕುಡಿತ, ಸಿಗರೇಟು, ಮಾತ್ರೆ, ಮನಸ್ಸಿನ ನೆಮ್ಮದಿ. ಹೆಸರು ಬರೆಯುವಂತಿರಲಿಲ್ಲ. ಒಂದು ಹಾಳೆಯಲ್ಲಿ 'ನಿದ್ದೆ ಮಾತ್ರೆ ಕದ್ದು ಕೂಡಿಡ್ತಿದ್ದೀನಿ' ಎಂದಿತ್ತು. ಅವಳು ತಕ್ಷಣ ಸಿಬ್ಬಂದಿ ಕೋಣೆಯಲ್ಲಿ ವಿಷಯ ಹೇಳಿದಳು. ಕಾಲೇಜಿನ ಮಾನ ಹರಾಜಾಗುತ್ತದೆ ಎಂದರು ಪ್ರಾಂಶುಪಾಲರು. ಕ್ರೀಡಾ ಮೇಷ್ಟ್ರು ಹುಡುಗಾಟವೆಂದು ನಕ್ಕರು. ಗಣಿತ ಮೇಷ್ಟ್ರು ಮಾತ್ರ, ಅದೇ ತರಗತಿಯ ತಮ್ಮ ಮಗಳು ಕಾಯುತ್ತಿದ್ದಾಳೆಂದು ಎದ್ದು ಹೋದರು. ಹಾಳೆಗಳ ಕಟ್ಟನ್ನಿಟ್ಟಿದ್ದ ಬೀರುವಿನ ಬೀಗದಕೈ ಎಲ್ಲರಿಗೂ ಕಾಣುವ ಮೊಳೆಯಲ್ಲೇ ಇತ್ತು. ಇಂದು ನೋಡಿದರೆ ಆ ಒಂದು ಹಾಳೆ ಮಾತ್ರ ಇರಲಿಲ್ಲ.

ದೊಡ್ಡಮ್ಮ ಅವಳು ತಂದಿದ್ದ ಕಟ್ಟನ್ನು ತಿರುಗಿಸಿ ನೋಡಿದರು. ಅಂಚುಗಳು ಒಂದಿಷ್ಟೂ ಕದಲಿರಲಿಲ್ಲ.

"ಆ ಹಾಳೆ ಮೇಲೇ ಇಟ್ಟಿದ್ಯಾ?"

"ಇಲ್ಲ, ಇದ್ದ ಜಾಗದಲ್ಲೇ ಸೇರಿಸಿದ್ದೆ."

"ಹಾಳೆಗಳನ್ನ ಒಟ್ಟು ಮಾಡಿದ್ದು ಯಾರು?"

"ಗಣಿತ ಮೇಷ್ಟ್ರು. ಸಮೀಕ್ಷೆ ಶುರುವಾಗ್ತಿದ್ದಂಗೆ ನಂಗೆ ಫೋನ್ ಬಂತು, ಅವರೇ ನೋಡ್ಕೊಂಡ್ರು."

ದೊಡ್ಡಮ್ಮ ಯಾರಿಗೋ ಬರಲು ಹೇಳಿಕಳಿಸಿ, ಸಿಬ್ಬಂದಿ ಕೋಣೆಗೆ ನಡೆದರು. ಸಮಾಲೋಚಕಿ ಹಿಂದೆಯೇ ಹೋದಳು. ಅಲ್ಲಿ ಪ್ರಾಂಶುಪಾಲರೂ ಇಬ್ಬರು ಮೇಷ್ಟ್ರುಗಳೂ ಇದ್ದರು.

"ಕಳ್ಳ ಹುಡುಕಾಡಿಲ್ಲ," ಎಂದರು ದೊಡ್ಡಮ್ಮ. "ಪ್ರಾಂಶುಪಾಲರಾಗಿದ್ರೆ ಕಟ್ಟನ್ನೇ ಒಯ್ತಿದ್ರು. ಕ್ರೀಡಾ ಮೇಷ್ಟ್ರಾಗಿದ್ರೆ ಎಲ್ಲ ಕೆದಕಿಬಿಡ್ತಿದ್ರು. ನೀವಿಬ್ರೂ ಹೊರಡಿ."

ಪ್ರಾಂಶುಪಾಲರೂ ಕ್ರೀಡಾ ಮೇಷ್ಟ್ರೂ ಮುಖ ಮುಖ ನೋಡಿಕೊಂಡು ಹೊರಟರು. ದೊಡ್ಡಮ್ಮ ಬಾಗಿಲು ಮುಚ್ಚಿದರು.

"ಮೇಷ್ಟ್ರೇ, ಪರೀಕ್ಷೆಯ ಅಭ್ಯಾಸದಂತೆ ಇದನ್ನೂ ಮಕ್ಕಳ ಕ್ರಮಸಂಖ್ಯೆ ಪ್ರಕಾರವೇ ಇಸ್ಕೊಂಡು, ಅದೇ ಸಾಲಲ್ಲಿ ಜೋಡಿಸಿದ್ರಿ. ಹೆಸರಿಲ್ದೆ ಇದ್ರೂ ಯಾರ ಹಾಳೆ ಎಲ್ಲಿದೆ ಅಂತ ಗೊತ್ತಿದ್ದಿದ್ದು ನಿಮಗೊಬ್ರಿಗೇ. ಬೇರೆಯವರ ಮಗು ಆಗಿದ್ರೆ ಯಾರು ಅಂತ ಹೇಳ್ತಿದ್ರಿ, ಮುಚ್ಚಿಡ್ತಿರ್ಲಿಲ್ಲ."

ಸಮಾಲೋಚಕಿಗೆ ಆಗ ಅರ್ಥವಾಯಿತು: ತನ್ನ ಗುಟ್ಟಿನ ಸಮೀಕ್ಷೆ ಮೊದಲಿನಿಂದಲೂ ಗುಟ್ಟಾಗಿರಲಿಲ್ಲ.

ಮೇಷ್ಟ್ರು ಜೇಬಿನಿಂದ ಹಾಳೆ ತೆಗೆದರು. "ಮನೇಲಿ ನಿದ್ದೆ ಮಾತ್ರೆ ತಗೊಳ್ಳೋನು ನಾನೇ. ಡಬ್ಬಿ ಬೇಗ ಖಾಲಿ ಆಗ್ತಿತ್ತು. ಬೆಳಗ್ಗೆ ಮಗಳ ಜಾಗದ ಹಾಳೆ ತೆಗೆದು ನೋಡ್ದೆ, ಅದೇ ಆಗಿತ್ತು... ಜನ ಏನಂತಾರೋ ಅಂತ ಭಯ ಆಯ್ತು."

"ಹಾಳೆ ಬಚ್ಚಿಟ್ರಿ. ಮಾತ್ರೆ ಎಲ್ಲಿದೆ ಅಂತ ಕೇಳಿದ್ರಾ?"

ಆಗ ಬಾಗಿಲು ತೆರೆಯಿತು. ದೊಡ್ಡಮ್ಮ ಕರೆಸಿದ್ದ ಮೇಷ್ಟ್ರ ಮಗಳು ಒಳಗೆ ಬಂದು, ಚೀಲದಿಂದ ಮಾತ್ರೆಗಳ ಚಿಕ್ಕ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

"ಅಪ್ಪ, ನೀವು ಜೋಡಿಸೋ ರೀತಿ ನಂಗೆ ಗೊತ್ತು. ಜೋಡಿಸೋವಾಗ ನಂದನ್ನ ಓದ್ತೀರ ಅನ್ಕೊಂಡೆ. ಅದಕ್ಕೇ ಬರ್ದಿದ್ದು."